ಕಂಬದ ಮೇಲಿನ ಕಿವುಡಪ್ಪ

ನಮ್ಮ ಮನೆಯಲ್ಲಿ ಕಿವಿ ಕೇಳುತ್ತಿದ್ದದ್ದು ನನಗೊಬ್ಬಳಿಗೆ. ಅಪ್ಪ ಕಿವುಡ, ಅಮ್ಮ ಕಿವುಡಿ, ತಮ್ಮನೂ ಹಾಗೆಯೇ ಹುಟ್ಟಿದ. ನಡುವೆ ನಾನೊಬ್ಬಳು ಅದು ಹೇಗೋ ಕೇಳಿಸುವವಳಾಗಿ ಹುಟ್ಟಿ, ಮಾತು ಕಲಿತ ದಿನದಿಂದ ಇಡೀ ಮನೆಗೆ ಬಾಯಾಗಿ ದುಡಿದೆ. ಬ್ಯಾಂಕಿನವನು ಏನೋ ಅಂದರೆ ನಾನು, ಮನೆ ಮಾಲೀಕ ಬಾಗಿಲಲ್ಲಿ ನಿಂತು ಕೂಗಾಡಿದರೆ ನಾನು, ಅಪ್ಪನ ಎದೆಯ ಎಕ್ಸ್‌ರೇ ನೋಡಿ ಡಾಕ್ಟರು ತಲೆ ಅಲ್ಲಾಡಿಸಿದಾಗಲೂ ನಾನೇ. ನನಗಾಗ ಸ್ವಂತ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಡಾಕ್ಟರು ನನ್ನ ಮುಖ ನೋಡಿ, "ದೊಡ್ಡವರು ಯಾರೂ ಬಂದಿಲ್ವೇನಮ್ಮ?" ಎಂದರು. ಬಂದಿದ್ದರು, ಎದುರಿಗೇ ಕೂತಿದ್ದರು. ಅಮ್ಮ ನನ್ನ ಕಡೆ ತಿರುಗಿ ಎರಡು ಬೆರಳು ಗಲ್ಲಕ್ಕೆ ತಾಕಿಸಿ, ಅಂಗೈಯನ್ನು ಮೇಲಕ್ಕೆ ಮಾಡಿದಳು.

ಗಲ್ಲಕ್ಕೆ ಎರಡು ಬೆರಳು ಅಂದರೆ ನಾನು. ನಮ್ಮ ಮನೆಯಲ್ಲಿ ಅದೇ ನನ್ನ ಹೆಸರು. ಅಂಗೈ ಮೇಲೆ ಮಾಡಿದರೆ "ಏನಂತೆ?" ಆ "ಏನಂತೆ"ಗೆ ಉತ್ತರ ಕೊಟ್ಟೂ ಕೊಟ್ಟೂ ನನ್ನ ಆಯಸ್ಸು ಸವೆದಿದೆ. ಕೊನೆಗೆ ಅದನ್ನೇ ಹೊಟ್ಟೆಪಾಡು ಮಾಡಿಕೊಂಡೆ. ಆಸ್ಪತ್ರೆ, ಕೋರ್ಟು, ಕಚೇರಿಗಳಲ್ಲಿ ಕಿವುಡರಿಗೂ ಕೇಳುವವರಿಗೂ ನಡುವೆ ನಿಲ್ಲುವ, ಸರ್ಕಾರದ ಪರವಾನಗಿ ಇರುವ ದುಭಾಷಿ ನಾನು. ಅಲ್ಲ, ಆಗಿದ್ದೆ. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೆ ಒಂದೇ ಮಾತು ಹೇಳುತ್ತಿದ್ದೆ: ದಿನವಿಡೀ ಬೇರೆಯವರ ಮಾತಾಡಿ ಬಂದವಳಿಗೆ ಮನೆಯಲ್ಲಿ ಇನ್ನೊಬ್ಬನ ಮಾತು ಯಾಕೆ ಬೇಕು?

ಕೈಮಾತಿನಲ್ಲಿ ಎರಡು ಬಗೆ ನಮ್ಮ ಮನೆಯಲ್ಲಿತ್ತು. ಒಂದು ಕಿವುಡರ ಶಾಲೆಯಲ್ಲಿ ಕಲಿಸುವುದು. ಅದು ಎಲ್ಲರದು, ಅಪ್ಪ ತಂದದ್ದು. ಇನ್ನೊಂದು ಅಮ್ಮನದು. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಒಲೆಯ ಮುಂದೆ, ಬಟ್ಟೆ ಒಗೆಯುವಾಗ, ತನಗೆ ಬೇಕಾದ ಮಾತನ್ನು ತಾನೇ ಕಟ್ಟಿಕೊಂಡಳು. ಶಾಲೆ ಅನ್ನುವುದಕ್ಕೆ ಹಗ್ಗ ಎಳೆಯುವ ಸನ್ನೆ. ಗಂಟೆ ಅವಳಿಗೆ ಕೇಳಿಸಿದ್ದಲ್ಲ, ಗಂಟೆ ಬಾರಿಸುವವನು ಹಗ್ಗ ಎಳೆಯುವುದನ್ನು ಬೇಲಿಯಾಚೆಯಿಂದ ಕಂಡಿದ್ದಳು. ಸುಸ್ತಿಗೆ ಹೆಗಲ ಮೇಲಿನ ಮೂಟೆ ಇಳಿಸುವ ಸನ್ನೆ. ಇಂಥವು ನೂರಾರು. ಶಾಲೆಯಲ್ಲಿ ಕಲಿತ ಕಿವುಡರಿಗೂ ಅದರ ತಲೆಬುಡ ತಿಳಿಯದು. ಅಪ್ಪ ಅಮ್ಮ ಹೋದ ಮೇಲೆ ಆ ಭಾಷೆ ಬಲ್ಲವರು ಲೋಕದಲ್ಲಿ ಮೂವರೇ: ತಮ್ಮ, ಅಮ್ಮನ ಕೊನೆಗಾಲದಲ್ಲಿ ಆರೈಕೆ ಮಾಡುತ್ತ ಕಲಿತ ತಮ್ಮನ ಹೆಂಡತಿ, ಮತ್ತೆ ನಾನು. ತಮ್ಮನ ಹೆಂಡತಿಯೂ ಕಿವುಡಿಯೇ.

ಮನೆಯ ಕಟ್ಟಳೆ ಒಂದೇ ಇತ್ತು. ಯಾರಾದರೂ ಮಾತಾಡುವಾಗ ಕಣ್ಣು ಮುಚ್ಚಬಾರದು. ತಮ್ಮ ಚಿಕ್ಕವನಿದ್ದಾಗ ಜಗಳದಲ್ಲಿ ಸೋಲುವ ಹಾಗಾದರೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂರುತ್ತಿದ್ದ. ಇನ್ನು ನೀನು ತಲೆ ಚಚ್ಚಿಕೊಂಡರೂ ಅವನಿಗೆ ಒಂದಕ್ಷರ ಮುಟ್ಟುವುದಿಲ್ಲ. ಅಮ್ಮನ ಕೈಯಲ್ಲಿ ಅವನು ತಿಂದ ಏಟೆಲ್ಲ ಇದಕ್ಕೇ. ಕರೆಂಟು ಹೋದಾಗ ಮಾತ್ರ ಬೇರೆ ಏರ್ಪಾಡು. ಕತ್ತಲಲ್ಲಿ ಅಮ್ಮ ನಮ್ಮ ಅಂಗೈ ಹುಡುಕಿ, ಅದರ ಮೇಲೆ ಬೆರಳಾಡಿಸಿ ಮಾತಾಡುತ್ತಿದ್ದಳು. ಮೊದಲ ಮಾತು ಯಾವಾಗಲೂ "ಇಲ್ಲೇ ಇದೀನಿ."

ತಮ್ಮ ಕೆಲಸ ಮಾಡುವುದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಕಾಗದ ಕತ್ತರಿಸುವ ಯಂತ್ರಗಳ ಗದ್ದಲಕ್ಕೆ ಕೇಳುವವರು ತಲೆ ಹಿಡಿದುಕೊಂಡು ಓಡಿಹೋಗುತ್ತಿದ್ದರಂತೆ, ಹಾಗಾಗಿ ಮಾಲೀಕ ಕಿವುಡರನ್ನೇ ಹುಡುಕಿ ಸೇರಿಸಿಕೊಂಡಿದ್ದ. ಸಂಜೆ ಪಾಳಿ ಮುಗಿದ ಮೇಲೆ ಅವರೆಲ್ಲ ಬಸ್ ನಿಲ್ದಾಣದ ಕೊನೆಯ ಪ್ಲಾಟ್‌ಫಾರ್ಮಿನಲ್ಲಿ ಸೇರುತ್ತಾರೆ. ಅಲ್ಲೊಂದು ಎತ್ತರದ ಕಂಬ, ಅದಕ್ಕೆ ಹಗಲಿನಂಥ ದೀಪ. ಕೇಳುವವರು ಯಾವ ಮೂಲೆಯಲ್ಲಿ ನಿಂತಾದರೂ ಹರಟೆ ಹೊಡೆದಾರು, ಇವರಿಗೆ ಬೆಳಕು ಬೇಕು. ಆ ಕಂಬಕ್ಕೇ ಒಂದು ದಿನ ಕ್ಯಾಮೆರಾ ಬಂತು.

ಆಗಾಗಲೇ ಊರಲ್ಲಿ ಎಲ್ಲರೂ ಫೋನಿನಲ್ಲಿ ಮಾತು ನುಂಗಿಕೊಂಡು ಆಡತೊಡಗಿದ್ದರು. ಯಾರದ್ದನ್ನು ಬೇಕಾದರೂ ಕೇಳಿಸಿಕೊಳ್ಳುತ್ತಾರೆ, ಮೆಸೇಜನ್ನೂ ಓದುತ್ತಾರೆ, ಕೋರ್ಟಿನ ಅಪ್ಪಣೆಯೂ ಬೇಕಿಲ್ಲ ಎಂಬ ಸುದ್ದಿ ಇತ್ತು. ಕ್ಯಾಮೆರಾ ಬಂದ ದಿನ ಊಟಕ್ಕೆ ಕೂತಾಗ ತಮ್ಮ ಕೈ ತೊಳೆಯದೆಯೇ ಮಾತು ಶುರು ಮಾಡಿದ.

"ನಮ್ಮ ಕಂಬಕ್ಕೂ ಒಂದು ಕೂರಿಸಿದಾರೆ ಕಣಕ್ಕ. ನೋಡಿದೆ, ಪಾಪ, ಅದಕ್ಕೆ ಬರೀ ಕಣ್ಣು, ಕಿವಿ ಇಲ್ಲ. ಅದೂ ನಮ್ಮ ಪೈಕಿನೇ!"

ಅದಕ್ಕೆ ಕಿವುಡಪ್ಪ ಎಂದು ಹೆಸರಿಟ್ಟದ್ದೂ ಅವನೇ. ಪ್ರೆಸ್ಸಿನವರೆಲ್ಲ ದಿನಾ ಸಂಜೆ ಕಿವುಡಪ್ಪನಿಗೆ ಒಂದು ಸಲಾಮು ಹೊಡೆದು ಹರಟೆಗೆ ನಿಲ್ಲುತ್ತಿದ್ದರು. ಗುಟ್ಟಿನ ಮಾತಿದ್ದರಂತೂ ಮೆಸೇಜು ಮಾಡುತ್ತಲೇ ಇರಲಿಲ್ಲ. "ಫೋನ್ ಬೇಡ, ಕಿವುಡಪ್ಪನ ಹತ್ರ ಬಾ, ಹೇಳ್ತೀನಿ" ಅನ್ನುವುದು ಅವರಲ್ಲಿ ರೂಢಿಯೇ ಆಗಿಹೋಯಿತು. ಕೇಳುವವರನ್ನು ಕಂಡರೆ ಅವರಿಗೆ ಅಯ್ಯೋ ಅನ್ನಿಸುತ್ತಿತ್ತಂತೆ. ನಾನೂ ಅವರ ಜೊತೆ ನಕ್ಕೆ.

ಕಾಯಿದೆ ಬಂದದ್ದು ಕಳೆದ ವರ್ಷ. ಟೀವಿಯಲ್ಲಿ ಅದನ್ನು ಓದುವಾಗ ಮೂಲೆಯ ಚೌಕದಲ್ಲಿ ನಿಂತು ಕೈಮಾತಿಗೆ ಇಳಿಸಿದವಳು ನಾನೇ, ನನ್ನ ಹಣೆಬರಹ. ಭದ್ರತೆಯ ಕೆಲಸಕ್ಕೆ ಸರ್ಕಾರ ಯಾರ ಯಾವ ವಿದ್ಯೆಯನ್ನಾದರೂ ಕೇಳಬಹುದು. ಆಗದು ಅನ್ನುವ ಹಾಗಿಲ್ಲ, ಕೇಳಿದರೆಂದು ಯಾರಿಗೂ ಹೇಳುವ ಹಾಗಿಲ್ಲ. ಅಪ್ಪಣೆಯಿಲ್ಲದೆ ಗುಂಪು ಸೇರುವುದಿರಲಿ, ಸೇರೋಣ ಎಂದು ಮಾತಾಡಿಕೊಂಡರೂ ಅಪರಾಧ. ಮಾತು ತೆಗೆದವನಿಗೆ ಎರಡು ವರ್ಷ, ಹೂಂ ಅಂದವರಿಗೆ ಮೂರು ತಿಂಗಳು. ಇಷ್ಟನ್ನೂ ನೀಟಾಗಿ ಹೇಳಿ ಮನೆಗೆ ಬಂದರೆ ತಮ್ಮ, "ನಿನ್ನ ಎಡಗೈ ಇವತ್ತು ಸೋಮಾರಿ ಆಗಿತ್ತು" ಎಂದು ತಪ್ಪು ಹಿಡಿದ. ಅವನಿಗೆ ಕಂಡದ್ದು ಕೈ, ಕಾಯಿದೆಯಲ್ಲ. ನನಗೂ ಅಷ್ಟೇ ಅನ್ನಿ.

ಸ್ವಲ್ಪ ದಿನಕ್ಕೆ ಭದ್ರತಾ ಕಚೇರಿಯಿಂದ ಫೋನ್ ಬಂತು. ಹೋದೆ. ಕಿಟಕಿಯಿಲ್ಲದ ಕೋಣೆ, ಒಂದು ದೊಡ್ಡ ಪರದೆ, ಎರಡು ಕುರ್ಚಿ, ನೆಲಕ್ಕೆ ಆಗಷ್ಟೇ ಒರೆಸಿದ ಫಿನಾಯಿಲ್ ವಾಸನೆ. ಅಧಿಕಾರಿ ನನಗಿಂತ ತುಂಬ ಚಿಕ್ಕವನು. ಎದ್ದು ನಿಂತು ನಮಸ್ಕಾರ ಮಾಡಿದ, ಚಹಾ ತರಿಸಿದ, ಸಕ್ಕರೆ ಎಷ್ಟು ಎಂದು ಕೇಳಿದ. ಗದರುವವನಾಗಿದ್ದರೆ ನಾನೂ ಗದರುತ್ತಿದ್ದೆನೋ ಏನೋ. ಮನಸ್ಸಿನಲ್ಲೇ ಅವನಿಗೆ ಸಂಭಾವಿತ ಎಂದು ಹೆಸರಿಟ್ಟೆ.

"ಇವರು ಏನು ಮಾತಾಡ್ತಾರೆ ಅಂತ ಹೇಳಿದ್ರೆ ಸಾಕು ಮೇಡಂ. ಬೇರೆ ಏನೂ ಬೇಡ" ಎಂದು ಗುಂಡಿ ಒತ್ತಿದ.

ಪರದೆಯ ಮೇಲೆ ಬಸ್ ನಿಲ್ದಾಣದ ಕೊನೆಯ ಪ್ಲಾಟ್‌ಫಾರ್ಮು ಮೂಡಿತು. ದೀಪದ ಕೆಳಗೆ ಅವರೆಲ್ಲ ಕ್ಯಾಮೆರಾ ಕಡೆ ತಿರುಗಿ ನಗುತ್ತ ಸಲಾಮು ಹೊಡೆದರು. ಕಿವುಡರ ಮಾತಿಗೆ ಕಿವಿ ಯಾಕೆ ಬೇಕು? ಕಣ್ಣೊಂದಿದ್ದರೆ ಎಲ್ಲ ಸಿಕ್ಕಿತು. ಊರಲ್ಲಿ ಉಳಿದವರ ಮಾತು ತುಣುಕು ತುಣುಕಾಗಿ ಸಿಕ್ಕರೆ, ಇವರದು ಹಗಲಿನಂಥ ಬೆಳಕಿನಲ್ಲಿ ಪೂರ್ತಿಗೆ ಪೂರ್ತಿ. ಇಷ್ಟು ಸಣ್ಣ ವಿಷಯ ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಬಾರದಿತ್ತೇ!

ಆಗಲ್ಲ ಅನ್ನಬಹುದಿತ್ತು, ಜೈಲಿಗೆ ಹೋಗಬಹುದಿತ್ತು. ಹೋಗಲಿಲ್ಲ. ನಾನಿದ್ದರೆ ಒಂದೆರಡು ಮಾತನ್ನಾದರೂ ಮೆತ್ತಗೆ ಮಾಡಿ ಹೇಳಬಹುದು, ನಾನಿಲ್ಲದಿದ್ದರೆ ಇನ್ಯಾರನ್ನೋ ಕರೆಸುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೊದಮೊದಲು ಹೇಳುವಂಥದ್ದೂ ಏನಿರಲಿಲ್ಲ. ಮಂಡಿನೋವು, ಮಗಳ ಪರೀಕ್ಷೆ, ಮೇಲಿನವನ ಬೈಗುಳ. ಬೈಂಡಿಂಗ್ ಮಾಡುವ ದಪ್ಪನೆಯ ಆಸಾಮಿಯೊಬ್ಬ ತನ್ನ ಹೆಂಡತಿಯ ಗೊರಕೆಗೆ ಮಂಚ ನಡುಗುತ್ತದೆ, ನಿದ್ದೆಯೇ ಇಲ್ಲ ಎಂದು ಅಳಲು ತೋಡಿಕೊಳ್ಳುತ್ತಿದ್ದ.

ಸಂಭಾವಿತ ಮುಂದಕ್ಕೆ ಬಾಗಿದ. "ಮಂಚ ನಡುಗೋದು ಅಂದ್ರೆ... ಅದರಲ್ಲೇನಾದ್ರೂ ಒಳಾರ್ಥ ಇರಬಹುದಾ ಮೇಡಂ?"

"ಗೊರಕೆ ಸಾರ್. ಗೊರಕೆನೇ."

"ಕಿವುಡರಿಗೆ ಗೊರಕೆಯಿಂದ ಏನು ತೊಂದರೆ?"

"ಮಲಗಿ ನೋಡಿ ಸಾರ್, ಗೊತ್ತಾಗುತ್ತೆ."

ಅವನು ನಗಲಿಲ್ಲ. ಗಂಭೀರವಾಗಿ ಟೈಪ್ ಮಾಡಿಕೊಂಡ. ಹೀಗೆ ಗೊರಕೆಯನ್ನೂ ಸರ್ಕಾರಕ್ಕೆ ಒಪ್ಪಿಸಿ ಮನೆಗೆ ಬಂದು, ಅದೇ ಜನರ ಜೊತೆ ತಮ್ಮ ಆಡಿದ ಹರಟೆಯನ್ನು ಊಟದ ಹೊತ್ತಿಗೆ ಅವನ ಕೈಯಿಂದಲೇ ಇನ್ನೊಮ್ಮೆ ಕೇಳಿ, ಹೊಸದಾಗಿ ಕೇಳುತ್ತಿರುವವಳ ಹಾಗೆ ಹುಬ್ಬೇರಿಸುತ್ತಿದ್ದೆ. ಮೈ ದಣಿದರೆ ಮಲಗಿದರಾಯಿತು. ಇದು ಯಾವ ನಿದ್ದೆಗೂ ಹೋಗದ ದಣಿವು. ತಮ್ಮನ ಮುಖ ನೋಡಿಕೊಂಡು ಅನ್ನ ನುಂಗುವುದೇ ಕಷ್ಟವಾಗುತ್ತ ಬಂತು. "ಯಾಕಕ್ಕ, ಮೈ ಸರಿ ಇಲ್ವಾ?" ಎಂದು ಅವನು ಕೇಳಿದರೆ, ಸುಸ್ತು ಎನ್ನುತ್ತಿದ್ದೆ. ಹೆಗಲ ಮೇಲಿನ ಮೂಟೆ ಇಳಿಸುತ್ತಿದ್ದೆ.

ಆಮೇಲೆ ಕಿವುಡರ ಶಾಲೆ ಮುಚ್ಚುತ್ತಾರೆಂಬ ಸುದ್ದಿ ಬಂತು. ಮಕ್ಕಳು ಕಡಿಮೆಯಂತೆ, ಕಟ್ಟಡ ಬೇರೆ ಯಾವುದಕ್ಕೋ ಬೇಕಂತೆ. ಅಪ್ಪ ಓದಿದ ಶಾಲೆ, ತಮ್ಮ ಓದಿದ ಶಾಲೆ. ಪ್ರೆಸ್ಸಿನವರು ಇಷ್ಟೂ ಜನ ಒಬ್ಬರನ್ನೊಬ್ಬರು ಕಂಡುಕೊಂಡದ್ದೇ ಅಲ್ಲಿ. ಮನೆಯಲ್ಲಿ ತಮ್ಮ ಆ ಬಗ್ಗೆ ಕೈ ಎತ್ತಲಿಲ್ಲ. ನನಗೆ ಆಗಲೇ ಗೊತ್ತಾಗಬೇಕಿತ್ತು. ಮಾತಿನ ಮಲ್ಲ ಬಾಯಿ ಕಟ್ಟಿ ಕೂತಿದ್ದಾನೆ ಎಂದರೆ ಏನೋ ಇದೆ ಎಂದೇ ಅರ್ಥ.

ಆ ವಾರದ ವಿಡಿಯೋ ತುಣುಕಿನಲ್ಲಿ ಕ್ಯಾಮೆರಾಗೆ ಬೆನ್ನು ಹಾಕಿದ ಒಬ್ಬ ಏನೋ ಹೇಳುತ್ತಿದ್ದ. ಅವನ ಕೈ ಕಾಣುತ್ತಿರಲಿಲ್ಲ, ಎದುರಿಗಿದ್ದವರು ಒಬ್ಬೊಬ್ಬರಾಗಿ ಒಪ್ಪುವುದು ಕಾಣುತ್ತಿತ್ತು. ಶಿಕ್ಷಣ ಕಚೇರಿಯ ಗೇಟಿನ ಮುಂದೆ ಕೂರೋಣ, ಸೋಮವಾರ, ಸುಮ್ಮನೆ ಕೂರೋಣ. ಬೆನ್ನು ಹಾಕಿದವನ ಹೆಗಲು ಮಾತಾಡುವಾಗ ಬಲಕ್ಕೆ ಸ್ವಲ್ಪ ಏರುತ್ತಿತ್ತು. ಆ ಹೆಗಲನ್ನು ನಾನು ಎತ್ತಿ ಆಡಿಸಿದ್ದೇನೆ.

"ಏನಂತೆ?" ಎಂದ ಸಂಭಾವಿತ.

"ಪ್ರವಾಸ ಹೋಗ್ತಾರಂತೆ ಸಾರ್. ಸೋಮವಾರ. ಎಲ್ಲರೂ ಬರ್ತೀವಿ ಅಂತಿದಾರೆ."

ಅವನು ಟೈಪ್ ಮಾಡಿಕೊಂಡ. ಮರುದಿನ ಚಹಾ ತರಿಸಿ, ಸಕ್ಕರೆ ಸರಿಯಾಗಿದೆಯಾ ಎಂದು ಕೇಳಿ, ಆಮೇಲೆ ಹೇಳಿದ.

"ಪ್ರತಿ ತುಣುಕನ್ನೂ ಇಬ್ಬರಿಗೆ ತೋರಿಸ್ತೀವಿ ಮೇಡಂ, ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ. ಇನ್ನೊಬ್ಬರು ಪ್ರವಾಸ ಅನ್ಲಿಲ್ಲ."

ಇನ್ನೊಬ್ಬರು ಯಾರೆಂದು ಕೇಳಬೇಕಾಗಿರಲಿಲ್ಲ. ಊರಲ್ಲಿ ಪರವಾನಗಿ ಇದ್ದದ್ದು ನನಗೆ, ಮತ್ತೆ ನಾನೇ ಕೈ ಹಿಡಿದು ತಿದ್ದಿ ಕಲಿಸಿದ ಒಬ್ಬ ಹುಡುಗಿಗೆ. ಅವಳನ್ನು ಏನೆಂದು ಹೆದರಿಸಿದ್ದರೋ. ಕಚೇರಿಯ ಮೆಟ್ಟಿಲಲ್ಲಿ ಒಮ್ಮೆ ಎದುರಾದಾಗ ಅವಳು ನನ್ನನ್ನು ನೋಡದ ಹಾಗೆ ಹೋಗಿದ್ದಳು. ನಾನೂ ಹಾಗೇ ಮಾಡಿದ್ದೆ.

ಸಂಭಾವಿತ ದನಿ ಏರಿಸಲಿಲ್ಲ. "ತಪ್ಪಾಗುತ್ತೆ ಬಿಡಿ, ಪರವಾಗಿಲ್ಲ. ಇದನ್ನ ನೋಡಿ. ಇದು ಅವರಿಗೂ ಅರ್ಥ ಆಗಲಿಲ್ಲ" ಎಂದು ಇನ್ನೊಂದು ತುಣುಕು ಹಾಕಿದ.

ಎಲ್ಲರೂ ಹೋದ ಮೇಲಿನ ಪ್ಲಾಟ್‌ಫಾರ್ಮು. ತಮ್ಮನ ಹೆಂಡತಿ ತನ್ನ ಕೆಲಸ ಮುಗಿಸಿ ಬಂದಿದ್ದಾಳೆ. ತಮ್ಮ ಈಗ ಕ್ಯಾಮೆರಾಗೆ ಮುಖ ಮಾಡಿ, ಅವಳೊಡನೆ ಅಮ್ಮನ ಭಾಷೆಯಲ್ಲಿ ಮಾತಾಡುತ್ತಿದ್ದಾನೆ. ಹಗ್ಗ ಎಳೆದ. ತನ್ನ ಎದೆ ಮುಟ್ಟಿಕೊಂಡ. ಗಲ್ಲಕ್ಕೆ ಎರಡು ಬೆರಳು ತಾಕಿಸಿದ. ಹೆಗಲ ಮೂಟೆ ಇಳಿಸಿದ.

ಅವನು ಹೇಳಿದ್ದು ಇಷ್ಟು: "ಶಾಲೆ ವಿಷಯ ಎತ್ತಿದೋನು ನಾನು, ಮುಂದೆ ಕೂರೋನೂ ನಾನೇ. ಅಕ್ಕನಿಗೆ ಹೇಳಬೇಡ. ಹೇಳಿದ್ರೆ ಬಂದೇ ಬರ್ತಾಳೆ, ನಮಗೆಲ್ಲ ಬಾಯಾಗಿ ನಿಂತ್ಕೋತಾಳೆ. ಅವಳಿಗೆ ಸಾಕಾಗಿಹೋಗಿದೆ ಕಣೇ. ಈ ಸಲ ಬಾಯಿಲ್ಲದೇನೇ ಮಾಡೋಣ."

ಸಂಭಾವಿತ ಪರದೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ.

"ಇವರು ನಿಮ್ಮ ತಮ್ಮ ಅಂತ ನಮಗೆ ಮೊದಲ ದಿನದಿಂದ ಗೊತ್ತು ಮೇಡಂ. ಅದಕ್ಕೇ ನಿಮ್ಮನ್ನ ಕರೆಸಿದ್ದು. ಅವರ ಕೈ ನಿಮಗಿಂತ ಚೆನ್ನಾಗಿ ಯಾರಿಗೆ ತಿಳಿಯುತ್ತೆ? ಅವರ ಹೆಂಡತಿ ಹೇಗೂ ಗಂಡನ ಪರಾನೇ ಹೇಳ್ತಾರೆ. ನೀವು ಪರವಾನಗಿ ಇರೋರು, ನಿಮ್ಮ ಮಾತಿಗೆ ತೂಕ ಇದೆ."

"ಇದು ನನಗೆ ಬರಲ್ಲ ಸಾರ್."

"ಏನು?"

"ಈ ಭಾಷೆ. ನಾನು ಚಿಕ್ಕವಳಿದ್ದಾಗಲೇ ಹಾಸ್ಟೆಲಿಗೆ ಹೋದೋಳು. ಅವರವರೇ ಮನೇಲಿ ಏನೇನೋ ಕಟ್ಟಿಕೊಂಡಿದಾರೆ. ನನಗೆ ತಲೆಬುಡ ಗೊತ್ತಿಲ್ಲ."

ಅವನು ಒಂದು ಪುಟ್ಟ ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿ, ಅದನ್ನೇ ಇನ್ನೊಮ್ಮೆ ಹೇಳಿ ಎಂದ. ಹೇಳಿದೆ. ಅಮ್ಮ ನನಗೆ ಕಲಿಸಿದ ಮೊದಲ ಭಾಷೆ ನನಗೆ ಬರುವುದಿಲ್ಲವೆಂದು ಕ್ಯಾಮೆರಾದ ಕಣ್ಣು ನೋಡಿಕೊಂಡು ಹೇಳಿದೆ. ಬಾಯಲ್ಲಿ ಹೇಳಿದೆ, ಅದೊಂದು ಪುಣ್ಯ, ಕೈಯಲ್ಲಾಗಿದ್ದರೆ ಆಗುತ್ತಿರಲಿಲ್ಲ.

"ಸರಿ ಮೇಡಂ. ಸ್ವಂತ ತಮ್ಮನ ಮಾತೇ ಬಾರದವರಿಗೆ ಪರವಾನಗಿ ಯಾಕೆ?" ಎಂದು ಅದನ್ನೂ ಅಷ್ಟೇ ಮರ್ಯಾದೆಯಿಂದ ಇಸಿದುಕೊಂಡ. ಬಾಗಿಲ ತನಕ ಬಂದು ಬೀಳ್ಕೊಟ್ಟ.

ಅಂದು ಊಟವಾದ ಮೇಲೆ ನಾನು ದೀಪ ಆರಿಸಿದೆ. ನಮ್ಮ ಕಿಟಕಿಯ ಎದುರಿನ ಕಂಬಕ್ಕೂ ಒಂದು ಕ್ಯಾಮೆರಾ ಬಂದಿತ್ತು, ಪರದೆ ತೆಳುವು. ದೀಪ ಆರಿಸುವುದು ನಮ್ಮ ಮನೆಯಲ್ಲಿ ಇನ್ನೊಬ್ಬರ ಬಾಯಿಗೆ ಬಟ್ಟೆ ತುರುಕಿದ ಹಾಗೆ. ತಮ್ಮ ಗಾಬರಿಯಾಗಿ ಮೇಜು ಬಡಿದ. ತಡವರಿಸಿ ಅವನ ಅಂಗೈ ಹಿಡಿದೆ. ಮೊದಲು "ಇಲ್ಲೇ ಇದೀನಿ" ಅಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಅಂಗೈ ಮೇಲೆ ಹೇಳುವುದು ನಿಧಾನ, ಒಂದೊಂದೇ ಮಾತು. ಅರ್ಧಕ್ಕೇ ಅವನು ಕೈ ಎಳೆದುಕೊಂಡ.

ಕತ್ತಲಲ್ಲಿ ಕಿವುಡ ಕೈ ಎಳೆದುಕೊಂಡರೆ ಅವನು ಎದ್ದುಹೋದ ಹಾಗೆಯೇ. ನನಗೆ ಅವನ ಉಸಿರು ಕೇಳುತ್ತಿತ್ತು. ನಾನು ಅಳುವುದು ಅವನಿಗೆ ಕೇಳುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಕೈ ವಾಪಸ್ಸು ಬಂತು.

"ನಮ್ಮೆಲ್ಲರದೂನಾ?"

"ಎಲ್ಲರದೂ."

"ಗೊರಕೆದೂ?"

"ಗೊರಕೆದೂ."

ಅವನಿಂದ ಒಂದು ಸದ್ದು ಬಂತು. ಅವನ ನಗುವಿಗೆ ಒಂದು ಸದ್ದಿದೆ, ಅಳುವಿಗೂ ಬೇರೆಯದೊಂದಿದೆ. ಅದು ಎರಡರಲ್ಲಿ ಯಾವುದೆಂದು ಇಷ್ಟು ವರ್ಷ ಜೊತೆಗಿದ್ದ ನನಗೂ ತಿಳಿಯಲಿಲ್ಲ.

"ಗೇಟಿಗೆ ಹೋಗಬೇಡ. ಅವರಿಗೆ ಎಲ್ಲ ಗೊತ್ತಾಗಿದೆ" ಎಂದೆ.

"ಗೊತ್ತಾಗಲಿ ಅಂತಾನೇ ಅಲ್ವಾ ಗೇಟಿನ ಮುಂದೆ ಕೂರೋದು? ಗುಟ್ಟಾಗಿ ಕೂತರೆ ಯಾರಿಗೆ ಕಾಣುತ್ತೆ?"

"ಮಾತು ಎತ್ತಿದ್ದು ನೀನು ಅಂತ ಗೊತ್ತಾದ್ರೆ ಎರಡು ವರ್ಷ ಕಣೋ."

"ಅಮ್ಮನ ಭಾಷೆ ನಿನಗೆ ಬರಲ್ಲ ಅಂದಿದೀಯಲ್ಲ."

"ಅಂದಿದೀನಿ."

"ಹಾಗಾದ್ರೆ ಬರಲ್ಲ ಅಂತಾನೇ ಇರು. ಏನಾದ್ರೂ ಆಗಲಿ. ಅಮ್ಮ ಏನೂ ಅಂದ್ಕೊಳ್ಳಲ್ಲ."

ಸೋಮವಾರ ಅವರು ಗೇಟಿನ ಮುಂದೆ ಕೂತರು. ಘೋಷಣೆಯಿಲ್ಲ, ಕೂಗಾಟವಿಲ್ಲ. ಅಷ್ಟು ಶಾಂತವಾದ ಗಲಾಟೆಯನ್ನು ಊರು ಕಂಡಿರಲಿಕ್ಕಿಲ್ಲ. ವ್ಯಾನು ಬರುವ ಹೊತ್ತಿಗೆ ರಸ್ತೆಯ ಆಚೆ ಬದಿಯಲ್ಲಿ ನಾನಿದ್ದೆ. ಹತ್ತಿಸುವಾಗ ಪೊಲೀಸರು ಅವರ ಕೈಗಳನ್ನು ಹಿಂದಕ್ಕೆ ಕಟ್ಟಿದರು. ಎಲ್ಲರಿಗೂ ಹಾಗೇ ಕಟ್ಟುತ್ತಾರೆ, ಬೇಕೆಂದು ಮಾಡಿದ್ದಲ್ಲ. ಆದರೆ ಇವರ ಬಾಯಿ ಇರುವುದು ಅಲ್ಲೇ ಎಂದು ಯಾರಿಗೆ ಹೇಳುವುದು?

ವಿಚಾರಣೆ ಭದ್ರತಾ ಕಚೇರಿಯಲ್ಲೇ ನಡೆಯಿತು. ಉಳಿದವರಿಗೆ ಒಬ್ಬೊಬ್ಬರಿಗೂ ಮೂರು ತಿಂಗಳು ಎಂದು ಬೆಳಗ್ಗೆಯೇ ಮುಗಿದಿತ್ತು. ತಮ್ಮನ ಸರದಿಗೆ ನನ್ನನ್ನು ಕರೆಸಿದರು. ಮನೆಯವರಿಗೆ ಹಾಜರಿರುವ ಹಕ್ಕಿದೆ ಎಂದು ಸಂಭಾವಿತ ತಾನೇ ಫೋನ್ ಮಾಡಿದ್ದ.

"ಬನ್ನಿ ಮೇಡಂ. ಮುಂದಿನ ಕುರ್ಚಿ, ಅವರಿಗೆ ನೀವು ಕಾಣೋ ಹಾಗೆ ಕೂತ್ಕೊಳ್ಳಿ. ನಮ್ಮ ದುಭಾಷಿ ಇವತ್ತು ಬಂದಿಲ್ಲ. ನಿಮ್ಮ ಪರವಾನಗಿ ಹೋಗಿರೋದ್ರಿಂದ ನಿಮ್ಮಿಂದ ಮಾಡಿಸೋ ಹಾಗೂ ಇಲ್ಲ."

ಕೂತ ಮೇಲೆ ತಲೆ ಎತ್ತಿ ನೋಡಿದೆ. ಗೋಡೆಯಲ್ಲಿ ಎರಡು ಕ್ಯಾಮೆರಾ. ಒಂದು ತಮ್ಮನ ಮೇಲೆ, ಇನ್ನೊಂದು ನನ್ನ ಮೇಲೆ. ಆಗ ಅರ್ಥವಾಯಿತು, ಇವತ್ತು ವಿಚಾರಣೆ ಅವನದಲ್ಲ. ಅಮ್ಮನ ಭಾಷೆಯಲ್ಲಿ ಅವನು ಕೇಳಿದ್ದಕ್ಕೆ ನನ್ನ ಕೈ ಒಂದೇ ಒಂದು ಸಲ ಉತ್ತರ ಕೊಟ್ಟರೆ ಸಾಕು, ನನ್ನ ಸುಳ್ಳು ಅಲ್ಲಿಗೆ ಬಯಲು. ಆಮೇಲೆ ಆ ತುಣುಕಿನ ಅರ್ಥ ಕಕ್ಕಿಸದೆ ನನ್ನನ್ನು ಬಿಡುವುದಿಲ್ಲ. ಮೂರು ತಿಂಗಳು ಎರಡು ವರ್ಷವಾಗುತ್ತದೆ. ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ, ಶಾಲೆಯಲ್ಲಿ ಶಿಕ್ಷೆಗೆ ಕೂರಿಸಿದ ಮಗುವಿನ ಹಾಗೆ.

ತಮ್ಮನನ್ನು ಕರೆತಂದರು. ಗಡ್ಡ ಬಂದಿತ್ತು, ಅಂಗಿಯ ಒಂದು ಗುಂಡಿ ಕಿತ್ತುಹೋಗಿತ್ತು. ಕೈ ಬಿಚ್ಚಿದರು. ಬಿಚ್ಚಿದ್ದೇ ಅವನು ಎರಡೂ ಮಣಿಕಟ್ಟು ಉಜ್ಜಿಕೊಂಡ. ವಿಚಾರಣಾಧಿಕಾರಿ, ಕನ್ನಡಕದ ಒಬ್ಬ ಮುದುಕರು, ತಲೆ ಎತ್ತದೆ ಓದತೊಡಗಿದರು. ಆರೋಪ, ಕಲಮು, ದಿನಾಂಕ. ಕಾಯಿದೆಯ ಅದೇ ಸಾಲುಗಳು, ನಾನು ಟೀವಿಯ ಚೌಕದಲ್ಲಿ ನಿಂತು ಹೇಳಿದ್ದವು. ತಮ್ಮ ಅವರ ತುಟಿ ನೋಡಿದ, ಅದು ಕಾಗದದ ಹಿಂದಿತ್ತು. ಅತ್ತಿತ್ತ ನೋಡಿದ. ಅವನ ಕಣ್ಣಿಗೆ ನಾನು ಬಿದ್ದೆ.

ಅವನ ಮುಖ ಅರಳಿತು. ಯೋಚಿಸದೆಯೇ ಎರಡು ಬೆರಳು ಗಲ್ಲಕ್ಕೆ ಹೋದವು, ಅಂಗೈ ಮೇಲಾಯಿತು.

ಅಕ್ಕಾ, ಏನಂತೆ?

ಮಾಲೀಕ ಕೂಗಾಡಿದಾಗ ಕೇಳಿದ್ದ, ಆಸ್ಪತ್ರೆಯಲ್ಲಿ ಕೇಳಿದ್ದ, ಅಮ್ಮನ ಕೊನೆಯ ದಿನ ಡಾಕ್ಟರು ಹೊರಗೆ ಬಂದಾಗ ಕೇಳಿದ್ದ. ಒಂದು ಸಲವೂ ನಾನು ಉತ್ತರ ಕೊಡದೆ ಇದ್ದವಳಲ್ಲ. ತೊಡೆಯ ಕೆಳಗೆ ನನ್ನ ಕೈಗಳು ಮಿಸುಕಾಡಿದವು. ಮೈಯ ಭಾರವನ್ನೆಲ್ಲ ಹಾಕಿ ಅದುಮಿ ಹಿಡಿದೆ. ಸಂಭಾವಿತ ನನ್ನ ಹೆಗಲನ್ನೇ ನೋಡುತ್ತಿದ್ದ.

ತಮ್ಮ ಇನ್ನೊಮ್ಮೆ ಕೇಳಿದ. ಈ ಸಲ ಅಂಗೈ ಸ್ವಲ್ಪ ಅಲುಗಿತು.

ನಾನು ಗೋಡೆ ನೋಡಿದೆ. ಅಪರಿಚಿತರನ್ನು ನೋಡುವ ಹಾಗೆ ಅವನನ್ನು ನೋಡಿದೆ. ದೇವರೇ, ನನ್ನ ಕೈಯಿಂದ ಇದೊಂದನ್ನು ಮಾಡಿಸಬಾರದಿತ್ತು.

ಅವನಿಗೆ ನೆನಪಾಯಿತು. ನೆನಪಾದದ್ದು ನನಗೆ ಕಂಡಿತು. ಅಂಗೈ ಮೆಲ್ಲನೆ ಕೆಳಗಿಳಿಯಿತು. ಅವನು ಒಮ್ಮೆ ಕ್ಯಾಮೆರಾ ನೋಡಿದ, ಒಮ್ಮೆ ನನ್ನನ್ನು ನೋಡಿದ. ಆಮೇಲೆ ಚಿಕ್ಕವನಿದ್ದಾಗ ಮಾಡುತ್ತಿದ್ದ ಹಾಗೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತುಬಿಟ್ಟ. ಇನ್ನು ನಾನು ಉತ್ತರ ಕೊಡಬೇಕಾಗಿರಲಿಲ್ಲ. ಅವನು ಕೇಳುತ್ತಲೇ ಇರಲಿಲ್ಲವಲ್ಲ.

"ಏನಯ್ಯ ಇದು, ನಿದ್ದೆ ಮಾಡ್ತಿದಾನಾ?" ಎಂದರು ಮುದುಕರು. ಸಂಭಾವಿತ ಅವರ ಹತ್ತಿರ ಬಾಗಿ ಏನೋ ಹೇಳಿ, ಆಗಲ್ಲ ಅನ್ನುವ ಹಾಗೆ ಕೈ ಆಡಿಸಿದ. ಮುದುಕರು ಕನ್ನಡಕ ಸರಿಮಾಡಿಕೊಂಡು, ಮಾತು ಎತ್ತಿದವನು ಇವನೇ ಎಂಬುದಕ್ಕೆ ಸಾಕ್ಷಿಯಿಲ್ಲ, ಉಳಿದವರಿಗೆ ಆದದ್ದೇ ಇವನಿಗೂ ಎಂದು ಓದಿ ಮುಗಿಸಿದರು. ಮುಂದಿನ ಕೇಸಿನವರನ್ನು ಕರೆಯಿರಿ ಎಂದರು.

ತಮ್ಮ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಪೊಲೀಸಿನವನು ಅವನ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡ. ನನ್ನ ಕೈ ಜೋಮು ಹಿಡಿದಿತ್ತು, ಎತ್ತಲೂ ಆಗುತ್ತಿರಲಿಲ್ಲ. ಆದರೂ ಅವನು ಕೇಳಿದ್ದಕ್ಕೆ ಉತ್ತರ ಕೊಡದೆ ಹೇಗಿರಲಿ? ಬಾಯಿಬಿಟ್ಟು, ಎಲ್ಲರಿಗೂ ಕೇಳುವ ಹಾಗೆ, ಅವನೊಬ್ಬನಿಗೆ ಹೇಳಿದೆ.

"ಮೂರು ತಿಂಗಳಂತೆ ಕಣೋ."